ಕಂಕುಳಲ್ಲಿ ಚೆಂಡು

ಆಲೂಗಡ್ಡೆಯ ಮೇಲೆ ಗ್ರೇವಿ ಸುರಿದುಕೊಳ್ಳಲು ಆರ್ಲೊ ಬಾಗಿದಾಗ ಅವನ ಕಂಕುಳಲ್ಲಿದ್ದ ಅಮೆರಿಕನ್ ಫುಟ್‌ಬಾಲ್ ಎರಡು ಬೆರಳಿನಷ್ಟು ಜಾರಿದ್ದನ್ನು ಕ್ವಿಂಟನ್ ಕಂಡ. ತಂಡದಲ್ಲಿ ಚೆಂಡು ಹೊತ್ತು ಓಡುವ ಮೂವರೂ ಈ ವಾರವಿಡೀ, ಉಣ್ಣುವಾಗಲೂ ಮಲಗುವಾಗಲೂ, ತಮ್ಮ ತಮ್ಮ ಚೆಂಡನ್ನು ಬಿಡುವಂತಿಲ್ಲ. ಬಿಟ್ಟವನ ಹೆಸರು ಕಣಕ್ಕಿಳಿಯುವವರ ಸರದಿ ಪಟ್ಟಿಯ ತಳಕ್ಕೆ. ಅದು ಕೋಚ್ ಬೋಡೀನರ ಕಟ್ಟಳೆ.

ಆ ಪಟ್ಟಿ ಊಟದ ಹಾಲಿನ ಬಾಗಿಲಿಗೇ ಅಂಟಿಕೊಂಡಿತ್ತು: ಆರ್ಲೊ, ಕ್ವಿಂಟನ್, ಓರಿನ್. ನಾಲ್ಕು ವರ್ಷ ಈ ತಂಡಕ್ಕಾಗಿ ಮೂಳೆ ಮುರಿಸಿಕೊಂಡ ತಾನು ಎರಡನೆಯವನು, ಬೇರೆ ಕಾಲೇಜಿನಿಂದ ಮೊನ್ನೆ ಬಂದವನು ಮೊದಲಿಗ. ಶನಿವಾರವೇ ಮೊದಲ ಪಂದ್ಯ. ಆರ್ಲೊ ಗ್ರೇವಿ ಸುರಿದುಕೊಳ್ಳುವ ನಿರಾಳಕ್ಕೂ ಕ್ವಿಂಟನ್‌ನ ಹೊಟ್ಟೆ ಉರಿಯಿತು. "ಉರ್ಕೊಂಡ್ ಕೂತ್ರೆ ಏನ್ ಬಂತಣ್ಣ, ಹೋಗ್ ಆ ಚೆಂಡಿಗ್ ಗುದ್ದು" ಎಂದ ಪಕ್ಕದಲ್ಲಿದ್ದ ಓರಿನ್, ತಟ್ಟೆಯಿಂದ ತಲೆ ಎತ್ತದೆ.

ಕ್ವಿಂಟನ್ ಎದ್ದುಹೋಗಿ ಎಡಗೈಯಲ್ಲಿ ಆರ್ಲೊನ ಮೊಣಕೈ ಎತ್ತಿ, ಬಲಮುಷ್ಟಿಯಿಂದ ಗುದ್ದಿದ. ಚೆಂಡು ಮೇಜಿನಡಿ ಉರುಳಿತು. ಕ್ವಿಂಟನ್ ಅದರ ಮೇಲೆ ಬಿದ್ದು, ಎರಡೂ ಕೈಯಲ್ಲಿ ಎತ್ತಿ ಹಿಡಿದ. "ನೋಡಿ ಕೋಚ್, ನಿಮ್ ನಂಬರ್ ಒನ್ನಿಗೆ ಊಟ ಕಂಡ್ರೆ ಚೆಂಡೂ ಬೇಡ."

ಬಾಗಿಲ ಬಳಿ ನಿಂತಿದ್ದ ಬೋಡೀನ್ ಪೆನ್ನು ತೆಗೆದು ಆರ್ಲೊನ ಹೆಸರನ್ನು ಹೊಡೆದುಹಾಕಿ ಪಟ್ಟಿಯ ತಳಕ್ಕೆ ಬರೆದರು. ಆದರೆ ಪೆನ್ನಿಗೆ ಮುಚ್ಚಳ ಹಾಕಲಿಲ್ಲ. "ಸರಿ ಕಣಯ್ಯ, ಇದು ಅವಂದು. ನಿಂದೆಲ್ಲಿ?"

ಕ್ವಿಂಟನ್ ತಿರುಗಿ ನೋಡಿದ. ಬೆಂಚಿನ ಮೇಲೆ ಇಟ್ಟುಬಂದಿದ್ದ ಚೆಂಡು ಅಲ್ಲಿರಲಿಲ್ಲ. ಓರಿನ್ ಎರಡೂ ಕಂಕುಳಲ್ಲಿ ಒಂದೊಂದು ಚೆಂಡು ಅವುಚಿಕೊಂಡು, ತಟ್ಟೆಗೇ ಬಾಯಿ ಹಾಕಿ ಹಣ್ಣಿನ ಪೈ ತಿನ್ನುತ್ತಿದ್ದ.