ಗೊರಗೊರ ಸದ್ದು

ಸತ್ತವರು ಮನೆಯ ಫೋನಿನ ಗೊರಗೊರ ಸದ್ದಿನಲ್ಲಿ ಉಳಿದುಕೊಳ್ಳುವುದು ಆ ಊರಿನಲ್ಲಿ ಹೊಸದೇನಲ್ಲ. ನಾಗವೇಣಿಯ ಗಂಡನೂ ಅಲ್ಲೇ ಇದ್ದ. ಶಾಲೆಗೆ ಬೀಗ ಬಿದ್ದು ಮಗಳ ಪಾಠವೆಲ್ಲ ಇಂಟರ್ನೆಟ್ಟಿಗೆ ಹೋದಾಗ, ಮೋಡೆಮ್ ಜೋಡಿಸುವುದನ್ನು ರಿಸೀವರಿನೊಳಗಿಂದ ಅವನೇ ಹೇಳಿಕೊಟ್ಟ.

"ಕೊನೇಲಿ ಆ ಪುಟ್ಟ ಫಿಲ್ಟರ್‌ನ ಫೋನ್ ವೈರಿಗೆ ಸಿಕ್ಕಿಸು, ವೇಣಿ. ಗೊರಗೊರ ನಿಂತುಹೋಗುತ್ತೆ, ಆಗ್ಲೇ ನೆಟ್ ಬರೋದು."

"ಜೊತೆಗೆ ನೀವೂ ನಿಂತುಹೋಗ್ತೀರಲ್ರೀ!"

"ಪುಟ್ಟಿ ಓದು ನಿಲ್ಲಬಾರ್ದು. ಹಾಕು."

ದಿನಾ ಮಾತು ಮುಗಿಸುವಾಗ ಅವನು "ಬರ್ತೀನಿ" ಎನ್ನುತ್ತಿದ್ದ. ಸತ್ತ ಮೇಲೂ ಆ ಪದ್ಧತಿ ಬಿಟ್ಟಿರಲಿಲ್ಲ. ಫಿಲ್ಟರ್ ಹಿಡಿದು ಅವಳು ಆ ಮಾತಿಗೇ ಕಾದಳು.

"ಹೋಗ್ತೀನಿ," ಎಂದ.

ಅವಳು ಕಣ್ಣು ಮುಚ್ಚಿ ಸಿಕ್ಕಿಸಿದಳು. ಮೋಡೆಮ್ಮಿನ ಹಸಿರು ದೀಪ ಹತ್ತಿತು.

"ಅಮ್ಮಾ, ಬಂತು! ಬಂತು!" ಒಳಗಿನಿಂದ ಮಗಳು ಕೂಗಿದಳು.