ಎಪ್ಪತ್ತು ಕೆಜಿ ಮೂಟೆ

"ಮೇಲೆ ಹೋಗಿ ನೋಡ್ಕೊಂಡು ಬಾ. ಸುಳ್ಳು ಹೇಳಿದ್ರೆ ನಾಳೆಯಿಂದ ನಮ್ ಮಂಡಿ ಬಾಡಿಗೆ ನಿಂಗಿಲ್ಲ," ಎಂದ ಜಯದೇವಪ್ಪ.

ಆಟೋ ಓಡಿಸುವ ಉದಯಕುಮಾರ್ ಬೆವರು ಒರೆಸಿಕೊಂಡು ಮೆಟ್ಟಿಲು ಹತ್ತಿದ. ಬೇಲೂರು ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿ. ಕೆಳಗೆ ಗೊಬ್ಬರದಂಗಡಿ, ಮೇಲೆ ಜಿಮ್. ಬೋರ್ಡಿನಲ್ಲಿ ಅಂಗಿಯಿಲ್ಲದೆ ಎದೆಯುಬ್ಬಿಸಿದ ಹುಡುಗ. ಆ ಮೆಟ್ಟಿಲನ್ನು ತನ್ನ ಹೆಂಡತಿ ಕಾಲು ಗಂಟೆಯ ಹಿಂದೆ ಹತ್ತಿದ್ದನ್ನು ಜಯದೇವಪ್ಪ ಕಣ್ಣಾರೆ ಕಂಡಿದ್ದ.

ಹಳೇಬೀಡಿನಲ್ಲಿ ತೆಂಗಿನಕಾಯಿ ಮಂಡಿ ಇಟ್ಟವನು. ಅವನು ಗದರಿದರೆ ಲಾರಿ ಡ್ರೈವರುಗಳು ಬೀಡಿ ಆರಿಸುತ್ತಿದ್ದರು. ಅಂಥವನು ಇವತ್ತು ಹೆಂಡತಿಯ ಬಸ್ಸಿನ ಹಿಂದೆ ಕಳ್ಳನ ಹಾಗೆ ಬಂದಿದ್ದ. ಮನೆಯಿಂದ ಆಟೋ ಸೇರುವಷ್ಟರಲ್ಲೇ ಅರ್ಧ ಮಾನ ಹೋಗಿತ್ತು. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತು ನೋಡಿದ್ದರು.

ಮಠದಲ್ಲಿ ದಾಸೋಹದ ಸೇವೆಗೆ ಹೋಗುತ್ತೇನೆ ಎಂದಿದ್ದಳು ಕಮಲಾಕ್ಷಮ್ಮ. ನಂಬಿದ್ದ. ನಿನ್ನೆ ಯಾಕೋ ಮಠಕ್ಕೆ ಫೋನ್ ಮಾಡಿದ. "ಅಮ್ಮಾವ್ರು ಈ ಕಡೆ ಬಂದು ತಿಂಗಳಾಯ್ತಲ್ಲ," ಎಂದರು.

ಬಚ್ಚಲಲ್ಲಿ ಆ ರಾದ್ಧಾಂತ ನಡೆದೂ ತಿಂಗಳಾಗಿತ್ತು. ಅವನ ಹಣೆಯ ಗಾಯ ಒಣಗಿತ್ತು. ಅವತ್ತು ಬಾಯಿಗೆ ಬಂದದ್ದೆಲ್ಲ ಬೈದಿದ್ದ. ನಿನ್ನ ಕೈಲಿ ಏನು ತಾನೇ ಆಗುತ್ತೆ ಎಂದು ಕೇಳಿದ್ದ. ಆಮೇಲೆ ಅವಳು ಅವನ ಮುಖ ನೋಡಿ ಮಾತಾಡಿರಲಿಲ್ಲ. ಆದರೂ ಬೆಳಗಿನ ಅವನ ಸ್ನಾನ, ಲಿಂಗಪೂಜೆ ಒಂದು ದಿನವೂ ತಪ್ಪಿರಲಿಲ್ಲ. ಆ ಹೊತ್ತಿನಲ್ಲಿ ಹೆಂಡತಿಯ ಹೊರತು ಯಾರೂ ಅವನನ್ನು ಮುಟ್ಟುವಂತಿರಲಿಲ್ಲ.

ಇಳಿದು ಬಂದ ಉದಯಕುಮಾರ್ ನೆಲ ನೋಡುತ್ತಾ ನಿಂತ.

"ಏನ್ಲಾ?"

"ಐದಾರು ಜನ ಅವ್ರೆ ಅಣ್ಣ. ಅಮ್ಮಾವ್ರು ಸೆರಗು ಸೊಂಟಕ್ಕೆ ಸಿಗಿಸವ್ರೆ."

"ಆಮೇಲೆ?"

"ಒಬ್ಬ ಹುಡುಗ ಹಿಂದೆ ನಿಂತವ್ನೆ. ಅವ್ರ ಬೆನ್ನ ಮೇಲೆ ಕೈ ಇಟ್ಟವ್ನೆ."

ಜಯದೇವಪ್ಪನ ಕಿವಿ ಕಾದವು. "ಕರೀ ಅವಳನ್ನ."

ಕಮಲಾಕ್ಷಮ್ಮ ಇಳಿದು ಬಂದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಆಟೋದೊಳಗೆ ಗಂಡನನ್ನು ಕಂಡು ಅವಳ ಮುಖ ಬಿಳಚಿಕೊಂಡಿತು. ಅವಳು ಮರೆತ ಟವೆಲು ಹಿಡಿದು ಟ್ರೈನರ್ ಇಂದ್ರೇಶ್ ಹಿಂದೆಯೇ ಬಂದ.

"ಐವತ್ತಾಯ್ತಲ್ಲೇ ನಿಂಗೆ. ಮಠದ ಹೆಸರು ಹೇಳ್ಕೊಂಡು ಇವನ ಹತ್ರ ಮೈ ಮುಟ್ಟಿಸ್ಕೊಳಕ್ಕೆ ಬತ್ತೀಯ?"

ಗೊಬ್ಬರದಂಗಡಿಯವನು ತಕ್ಕಡಿ ಬಿಟ್ಟು ಹೊರಗೆ ಬಂದ.

"ಮೆಲ್ಲಗೆ ಮಾತಾಡಿ. ಮನೇಲಿ ಹೇಳ್ತೀನಿ," ಎಂದಳು.

ಇಂದ್ರೇಶ್ ತಡವರಿಸಿದ. "ಸರ್, ಬೆನ್ನು ಬಗ್ಗಬಾರ್ದು ಅಂತ ಕೈ ಇಟ್ಟಿದ್ದು, ಅಷ್ಟೆ. ಸಣ್ಣ ಆಗೋದೇನೂ ಬೇಡ ಅಂತ ಅಮ್ಮ ಮೊದಲನೇ ದಿನಾನೇ ಹೇಳಿದ್ರು. ಮನೇಲಿ ಎಪ್ಪತ್ತು ಕೆಜಿ ಮೂಟೆ ಐತೆ, ದಿನಾ ಎತ್ತಬೇಕು, ಒಂದ್ಸಲ ಕೈ ಜಾರಿ ಬೀಳಿಸ್ಬಿಟ್ಟೆ, ಇನ್ನೊಂದ್ಸಲ ಬೀಳಿಸ್ಬಾರ್ದು ಅಂದ್ರು."

"ಮೂಟೆ ಎತ್ತಕ್ಕೆ ಮಂಡೀಲಿ ಹಮಾಲ್ರು ಸತ್ತವ್ರಾ? ಯಾವ ಮೂಟೆನೇ ಅದು?"

ಕಮಲಾಕ್ಷಮ್ಮ ಇಂದ್ರೇಶನ ಕೈಯಿಂದ ಟವೆಲು ತೆಗೆದುಕೊಂಡು ಮುಖ ಒರೆಸಿಕೊಂಡಳು. ಅದನ್ನು ಕಂಡು ಜಯದೇವಪ್ಪನ ತಲೆ ಕೆಟ್ಟಿತು. ಕೆನ್ನೆಗೆ ಬಾರಿಸಲೆಂದು ಕೂತಲ್ಲಿಂದಲೇ ಮುಂದಕ್ಕೆ ಎರಗಿದ. ಅವಳು ಹಿಂದೆ ಸರಿಯಲಿಲ್ಲ. ಕೈ ಅವಳನ್ನು ಮುಟ್ಟಲೂ ಇಲ್ಲ. ಜಯದೇವಪ್ಪ ಮುಖ ಅಡಿಯಾಗಿ ರಸ್ತೆಗೆ ಬಿದ್ದ.

ಇಂದ್ರೇಶ್, ಉದಯಕುಮಾರ್ ಇಬ್ಬರೂ ಮುನ್ನುಗ್ಗಿದರು.

"ಮುಟ್ಟಬೇಡಿ. ಅವರಿಗೆ ಸರಿಹೋಗಲ್ಲ," ಎಂದಳು ಕಮಲಾಕ್ಷಮ್ಮ.

ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಲಾರಿ ಅಪಘಾತದಲ್ಲಿ ಎರಡೂ ಕಾಲಿನ ಸ್ವಾಧೀನ ಕಳೆದುಕೊಂಡಿದ್ದ ಗಂಡನನ್ನು ಅವಳು ತೋಳುಗಳಲ್ಲಿ ಎತ್ತಿ ಆಟೋದೊಳಗೆ ಕೂರಿಸಿದಳು. ಅವನು ಅವಳ ಭುಜದಿಂದ ಮುಖ ತೆಗೆಯಲಿಲ್ಲ.