ಶಿವಗಂಗವ್ವನ ಬಲಗೈ

ತೋಳಿಗೆ ಅಂಟಿಸಿದ ಸರಕಾರದ ಪಟ್ಟಿಯಿಂದ ಎಲ್ಲರಿಗೂ ಮಧ್ಯಾಹ್ನ ಒಂದಕ್ಕೆ ಇನ್ಸುಲಿನ್ ಇಳಿಯುತ್ತಿತ್ತು. ಸ್ನಾಯುಗಳು ರಕ್ತದ ಸಕ್ಕರೆಗೆ ಬಾಗಿಲು ತೆರೆಯಬೇಕಾದದ್ದು ಆಗಲೇ. ಮುದುಕಿ ಶಿವಗಂಗವ್ವನ ತೋಳು ಬೆಳಿಗ್ಗೆ ಏಳಕ್ಕೇ ತೆರೆದದ್ದನ್ನು ಪಟ್ಟಿ ಸರಕಾರಕ್ಕೆ ತಿಳಿಸಿತ್ತು. ತಪಾಸಣೆಯ ಅಡಿವೆಪ್ಪ ನೇರ ಅವಳ ಅಡುಗೆಮನೆಗೇ ನುಗ್ಗಿದ.

“ಕಳ್ಳ ಇನ್ಸುಲಿನ್ ಯಾರ ಕೊಟ್ರು ಯವ್ವಾ? ಹೇಳದಿದ್ರ ಪಟ್ಟಿ ಕಿತ್ಕೊಂಡು ಹೋಗ್ತೀನಿ.”

“ಯಾರೂ ಕೊಟ್ಟಿಲ್ರಿ ಸಾಹೇಬ್ರ. ಎರಡೂ ಕೈ ನೋಡ್ರಿ.”

ಅವನು ಎರಡೂ ತೋಳಿಗೆ ಯಂತ್ರ ಒತ್ತಿದ. ಬಲಗೈ ಗಟಗಟ ಸಕ್ಕರೆ ಕುಡಿದಿತ್ತು. ಎಡಗೈ ತುಸು ಮುಟ್ಟಿ ಬಿಟ್ಟಿತ್ತು.

“ಇನ್ಸುಲಿನ್ ತಗೊಂಡಿದ್ರ ರಕ್ತದಾಗ ಮೈತುಂಬ ಹೋಗ್ತಿತ್ತಲ್ರಿ? ಅದಕ್ಕೇನು ಎಡ ಬಲ ಗೊತ್ತೈತೇನು?”

ಹಾಗಾದರೆ ಬಲಗೈ ಮಾತ್ರ ಏನು ಮಾಡಿತ್ತು? ಅಡಿವೆಪ್ಪನ ಅನುಮಾನ ಇನ್ನಷ್ಟು ಹೆಚ್ಚಿತು. ಮೂಲೆಯ ಬುಟ್ಟಿಯ ಬಟ್ಟೆ ಸರಿಸಿದ. ಜೋಳದ ರೊಟ್ಟಿ, ಮೈತುಂಬ ಬೆರಳಿನ ಗುರುತು. ಮಷಿನ್ ರೊಟ್ಟಿಗೆ ಬೆರಳಿರುವುದಿಲ್ಲ; ಕೈಕಾಲು ದುಡಿಸುವುದಕ್ಕೆ ಸರಕಾರದ ನಿಷೇಧವಿತ್ತು.

“ಕೈಲೆ ಬಡಿದಿ!”

“ಇಪ್ಪತ್ತು ಬಡಿದೇನ್ರಿ. ದುಡಿಯೋ ಕೈ ಇನ್ಸುಲಿನ್ ದಾರಿ ಕಾಯಂಗಿಲ್ಲ. ತಾನ ಬಾಗಿಲಾ ತಕ್ಕೋತೈತಿ.”

ಅವನು ರೊಟ್ಟಿ ಬಡಿಯುವ ಕಲ್ಲಿಗೆ ಬೀಗಮುದ್ರೆ ಹಾಕಿದ. ಹೊಸ್ತಿಲು ದಾಟುವಾಗ ತಿರುಗಿ ನಿಂತು, ಅವಳ ಧೂಳು ಮೆತ್ತಿದ ಪಾದಗಳನ್ನೇ ದಿಟ್ಟಿಸಿದ.

“ಯವ್ವಾ, ಹಿಟ್ಟಿನ ಗಿರಣಿಗೆ ನಡಕೋತ ಹೋಗಿದ್ದಿಯೇನ?”